ಋಣವೂ ನ್ಯಾಯವೂ



ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಹಿರಿಯರ ಮಾತು. ಜೋಳದ ಪಾಳಿಯೆಂದು ನಮ್ಮ ಹಳೆಯ ಕವಿಗಳು ಕೊಂಡಾಡಿರುವುದೂ ಈ ಋಣಪ್ರಜ್ಞೆಯನ್ನೇ. ಆದರೆ ಅನ್ನವಿಟ್ಟವರ ಪಕ್ಷದಲ್ಲಿಯೇ ಅನ್ಯಾಯ ನಡೆದಾಗ ಉಂಡವನ ಕರ್ತವ್ಯವೇನು? ಈ ಪ್ರಶ್ನೆಯನ್ನು ಆಟದ ಅಂಗಣದಲ್ಲಿ ನಿಲ್ಲಿಸಿ ಕೇಳುವ ಕಾದಂಬರಿಯೊಂದನ್ನು ಕುರಿತು ಈ ಸಂಜೆ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಸ್ವೀಡನ್ ದೇಶದ ಫ್ರೆಡ್ರಿಕ್ ಬಾಕ್ಮನ್ ಎಂಬ ಲೇಖಕನು 2016ರಲ್ಲಿ ಪ್ರಕಟಿಸಿದ ಈ ಕೃತಿಯ ಹೆಸರು ‘ಬ್ಯೋರ್ನ್‌ಸ್ಟಾಡ್’. ಎಂದರೆ ಕರಡಿಯ ಊರು. ಕಾಡಿನ ನಡುವಣ ಆ ಕಲ್ಪಿತ ಊರಿನಲ್ಲಿ ಉದ್ಯೋಗಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ. ಉಳಿದಿರುವ ಹೆಮ್ಮೆಯೊಂದೇ, ಐಸ್ ಹಾಕಿ: ಕಾಲಿಗೆ ಉಕ್ಕಿನ ಅಲಗುಳ್ಳ ಪಾದರಕ್ಷೆಯನ್ನು ತೊಟ್ಟು, ಮಂಜುಗಡ್ಡೆಯ ಮೇಲೆ ಜಾರುತ್ತ, ಕೋಲಿನಿಂದ ಬಿಲ್ಲೆಯನ್ನು ಹೊಡೆಯುವ ಆಟ. ಕಿರಿಯರ ತಂಡವು ಗೆದ್ದರೆ ಊರಿಗೆ ಮತ್ತೆ ಜೀವ ಬರುವುದೆಂದು ಜನರ ಆಸೆ.

ಉಪಾಂತ್ಯದ ಪಂದ್ಯವನ್ನು ಗೆದ್ದ ತರುವಾಯ, ತಂಡದ ಮುಕುಟಮಣಿಯಾದ ಹದಿನೇಳರ ಕೆವಿನ್, ತನ್ನ ಮನೆಯ ಸಂತೋಷಕೂಟಕ್ಕೆ ಬಂದ ಹದಿನೈದರ ಮಾಯಾ ಎಂಬ ಹುಡುಗಿಯ ಮೇಲೆ ಅತ್ಯಾಚಾರವೆಸಗುತ್ತಾನೆ. ಆಕೆಯ ತಂದೆಯೇ ಕ್ರೀಡಾಸಂಘದ ವ್ಯವಸ್ಥಾಪಕ. ಕೆಲವು ದಿನ ಮೌನವಾಗಿದ್ದ ಹುಡುಗಿ ಕೊನೆಗೆ ನಿಜವನ್ನು ಹೇಳುತ್ತಾಳೆ. ಅಂತಿಮ ಪಂದ್ಯಕ್ಕೆ ಹೊರಟ ಬಸ್ಸಿನಿಂದಲೇ ಪೊಲೀಸರು ಕೆವಿನ್ನನನ್ನು ಇಳಿಸಿಕೊಳ್ಳುತ್ತಾರೆ, ತಂಡವು ಸೋಲುತ್ತದೆ. ಆಗ ಊರು ಕೇಳುವುದು ‘ಏನು ನಡೆಯಿತು?’ ಎಂದಲ್ಲ, ‘ಈ ದಿನವೇ ಏಕೆ?’ ಎಂದು!

ಆ ಕೃತ್ಯವನ್ನು ಕಂಡವನು ಒಬ್ಬನೇ. ಅಮಾತ್ ಎಂಬ ಬಡ ಹುಡುಗ. ಪರದೇಶದಿಂದ ಬಂದ ಅವನ ತಾಯಿ ಆ ಆಟದ ಮನೆಯನ್ನೇ ಗುಡಿಸಿ ಒರೆಸಿ ಜೀವಿಸುವವಳು. ಬಾಯಿ ಮುಚ್ಚಿಕೊಂಡಿದ್ದರೆ ಹಣ, ತಾಯಿಗೆ ಒಳ್ಳೆಯ ಕೆಲಸ ಎಂದು ಕೆವಿನ್ನನ ತಂದೆ ಆಮಿಷವೊಡ್ಡುತ್ತಾನೆ. ವ್ಯವಸ್ಥಾಪಕನನ್ನು ತೆಗೆದುಹಾಕಲು ಸೇರಿದ ಸಂಘದ ಸಭೆಯಲ್ಲಿ ಅಮಾತ್ ಎದ್ದುನಿಂತು, ಕಂಡದ್ದನ್ನು ಕಂಡಂತೆ ಹೇಳುತ್ತಾನೆ. ಅಷ್ಟಾದರೂ ಕೆವಿನ್ನನಿಗೆ ಕಾನೂನಿನ ಶಿಕ್ಷೆಯಾಗುವುದಿಲ್ಲ. ಆದರೆ ಊರಿಗೆ ಇನ್ನು ತಿಳಿಯದೆಂಬ ನೆಪ ಉಳಿಯುವುದಿಲ್ಲ.

ಕಥೆಯನ್ನು ನಿಲ್ಲಿಸಿ ನೀತಿಯನ್ನು ಹೇಳುವ ಚಪಲವು ಗ್ರಂಥಕಾರನಿಗೆ ಉಂಟು. ಪಾತ್ರಗಳೇ ನುಡಿದಿದ್ದರೆ ಸಾಕಾಗಿತ್ತೆಂದು ನನಗೆ ಹಲವೆಡೆ ಅನ್ನಿಸಿತು. ಆದರೂ ಅವನು ಊರಿನವರನ್ನು ರಾಕ್ಷಸರನ್ನಾಗಿ ಮಾಡಿಲ್ಲ. ಅವರು ನೆರೆಹೊರೆಯವರಿಗೆ ಒದಗುವ ಒಳ್ಳೆಯ ಜನ. ಅವರ ನಿಷ್ಠೆಯೂ ಪ್ರೀತಿಯಿಂದಲೇ ಹುಟ್ಟಿದ್ದು. ಭಯವಿರುವುದು ಅಲ್ಲಿಯೇ.

ಹಾಗಾದರೆ ನಿಷ್ಠೆಯು ಸದ್ಗುಣವೋ, ದೋಷವೋ? ನಮ್ಮ ಭಾರತಕಥೆಯನ್ನು ನೆನೆಯಿರಿ. ರಣರಂಗದಲ್ಲಿ ಕರ್ಣನು ಋಣವನ್ನು ತನ್ನ ಪ್ರಾಣದಿಂದಲೇ ತೀರಿಸಿದನು. ಆದುದರಿಂದ ಅವನಿಗಾಗಿ ಮರುಗುತ್ತೇವೆ. ದ್ಯೂತಸಭೆಯಲ್ಲಿ ಅದೇ ಪಕ್ಷನಿಷ್ಠೆಗೆ ಬೆಲೆ ತೆತ್ತವಳು ದ್ರೌಪದಿ. ಅಲ್ಲಿ ಅವಳ ಪರವಾಗಿ ಎದ್ದುನಿಂತ ವಿಕರ್ಣನಾದರೋ ಕೌರವರಲ್ಲಿಯೇ ಒಬ್ಬನು. ಅವನನ್ನು ಕುಲದ್ರೋಹಿಯೆಂದು ಇಂದು ಯಾರೂ ಕರೆಯುವುದಿಲ್ಲ.

ನಿಷ್ಠೆಯನ್ನು ಒರೆಗೆ ಹಚ್ಚಲು ಒಂದೇ ಪ್ರಶ್ನೆ ಸಾಕು: ಅದರ ಬೆಲೆಯನ್ನು ತೆರುವವರು ಯಾರು? ಅಮಾತನು ತಾನೇ ತೆರಲು ಸಿದ್ಧನಾದನು. ಊರು ಒಬ್ಬ ಹುಡುಗಿಯಿಂದ ತೆರಿಸಲು ಹೊರಟಿತು. ನಮ್ಮ ನಮ್ಮ ಪಕ್ಷ, ಸಂಘ, ಊರುಗಳ ಹೆಸರಿನಲ್ಲಿ ಜಯಕಾರವೆತ್ತುವಾಗ ಈ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳುವುದು ಮೇಲು.