ಮಂಡಿನೋವಿಗೆ ಬಾಟಲಿಯೊಂದೇ ಮದ್ದಲ್ಲ

(ಸಂಘದ ವಾರ್ಷಿಕ ನಿಧಿಸಂಗ್ರಹ ಸಮಾರಂಭದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಬಿಸಿಬೇಳೆಬಾತಿನ ಘಮ ಆಗಲೇ ಬರುತ್ತಿದೆ. ಹತ್ತೇ ನಿಮಿಷದಲ್ಲಿ ಮುಗಿಸುತ್ತೇನೆ.

ನಾನು ವೃತ್ತಿಯಿಂದ ಫಿಸಿಕಲ್ ಥೆರಪಿಸ್ಟ್. ಆದರೆ ಇವತ್ತು ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಅಮೆರಿಕದಿಂದ ಊರಿಗೆ ಹೊರಟಾಗ ನಮ್ಮೆಲ್ಲರ ಸೂಟ್‌ಕೇಸಿನಲ್ಲಿ ಚಾಕೊಲೇಟು, ಬಾದಾಮಿಯ ಜೊತೆ ಗ್ಲೂಕೋಸಮೈನ್ ಬಾಟಲಿಯೂ ಇರುತ್ತದಲ್ಲವೇ? ಹಾಸನದಲ್ಲಿರುವ ನನ್ನ ಅಮ್ಮನಿಗೆ ನಾನೂ ಎರಡು ವರ್ಷ ಒಯ್ದುಕೊಟ್ಟೆ. ಮಗಳು ತಂದಿದ್ದು ಎಂದು ಒಂದು ದಿನವೂ ತಪ್ಪಿಸದೆ ನುಂಗಿದರು. ಮೂರನೆಯ ಸಲ "ಡಬಲ್ ಸ್ಟ್ರೆಂಗ್ತ್" ಕೊಟ್ಟು ಬಂದೆ.

ಅಮ್ಮ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೆಲವು ವಾರಗಳಲ್ಲಿ ರಕ್ತಪರೀಕ್ಷೆಯ ಐಎನ್‌ಆರ್ ಮಿತಿ ಮೀರಿತು, ಅಂದರೆ ರಕ್ತಸ್ರಾವದ ಅಪಾಯ. ಬೇರೇನಾದರೂ ತೊಗೋತೀರಾ ಎಂದು ಡಾಕ್ಟರು ಕೇಳಿದರೆ ಅಮ್ಮ, "ಔಷಧಿ ಏನೂ ಇಲ್ಲ, ಮಗಳು ಕೊಟ್ಟ ವಿಟಮಿನ್ ಅಷ್ಟೇ" ಎಂದರಂತೆ. ಗ್ಲೂಕೋಸಮೈನ್ ವಾರ್ಫರಿನ್ ಜೊತೆ ಸೇರಿದರೆ ಹೀಗಾಗಬಹುದೆಂದು ಆ ಡಾಕ್ಟರಿಗೆ ಗೊತ್ತಿತ್ತು. ನಿಲ್ಲಿಸಿದ ಮೇಲೆ ಇಳಿಯಿತು. ಪುಣ್ಯಕ್ಕೆ ಅನಾಹುತವೇನೂ ಆಗಲಿಲ್ಲ.

ಆಗ ಲೇಬಲ್ ಓದಿದೆ. ಅದು ಸಿಗಡಿ, ಏಡಿಗಳ ಚಿಪ್ಪಿನಿಂದ ಮಾಡಿದ್ದು! ಅಮ್ಮ ಏಕಾದಶಿಯ ದಿನ ಅನ್ನವನ್ನೂ ಮುಟ್ಟದವರು. ವಿಷಯ ತಿಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲದೆ ತಿಂದ ನನಗೆ ಪಾಪವಿಲ್ಲ ಕಣೇ. ಓದೋಕೆ ಬರೋ ನಿನಗೇನು ಹೇಳಲಿ?" ಎಂದರು. ಜೋಳದಿಂದ ಮಾಡಿದ ಗ್ಲೂಕೋಸಮೈನ್ ಕೂಡ ಸಿಗುತ್ತದೆ. ಕೊಲಾಜನ್ ಪುಡಿ ಮಾತ್ರ ಸಾಮಾನ್ಯವಾಗಿ ದನ, ಹಂದಿ ಅಥವಾ ಮೀನಿನದು.

ಹೋಗಲಿ, ಇವುಗಳಿಂದ ಗುಣವಾದರೂ ಆಗುತ್ತದೆಯೇ? ಅಮೆರಿಕ ಸರ್ಕಾರದ ನೆರವಿನಿಂದ ನಡೆದ "ಗೇಟ್" ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮಂಡಿ ಸವೆದು ನೋಯುತ್ತಿದ್ದ 1583 ಜನರನ್ನು 24 ವಾರ ಪರೀಕ್ಷಿಸಿದರು. ಗ್ಲೂಕೋಸಮೈನ್ ನುಂಗಿದವರಲ್ಲಿ ಶೇಕಡಾ 64 ಮಂದಿಗೆ ನೋವು ತಗ್ಗಿತು. ಔಷಧವೇ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲೂ ಶೇಕಡಾ 60 ಮಂದಿಗೆ ತಗ್ಗಿತು! 1994ರ ಕಾನೂನಿನ ಪ್ರಕಾರ ಇಲ್ಲಿ ಸಪ್ಲಿಮೆಂಟ್ ಮಾರುವವರು ಅದು ಕೆಲಸ ಮಾಡುತ್ತದೆಂದು ಎಫ್‌ಡಿಎಗೆ ಮೊದಲೇ ಸಾಬೀತು ಮಾಡಬೇಕಾಗಿಲ್ಲ.

"ನಮ್ಮ ಅರಿಶಿನವೇ ಸಾಕು" ಎನ್ನುವವರಿದ್ದೀರಿ. ಸಾರಿಗೆ ಹಾಕುವ ಚಿಟಿಕೆಗೆ ಭಯವಿಲ್ಲ. ಕ್ಯಾಪ್ಸೂಲ್ ಬೇರೆ: ಅದರಲ್ಲಿ ಸಾರಾಂಶ ಹೆಚ್ಚು, ಮೈಗೆ ಹತ್ತಲೆಂದು ಮೆಣಸಿನ ಸತ್ವವನ್ನೂ ಸೇರಿಸಿರುತ್ತಾರೆ. ಕೆಲವರಿಗೆ ನೋವು ತಗ್ಗಬಹುದು; ಆದರೆ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಅಮೆರಿಕದಲ್ಲೇ ವರದಿಯಾಗಿವೆ. ಊರಿನಿಂದ ತರುವ ಭಸ್ಮ, ಚೂರ್ಣಗಳಲ್ಲೂ ಎಚ್ಚರ ಬೇಕು. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲಿ ವರದಿಯಾಯಿತು.

ಹಾಗಾದರೆ ಮಾಡುವುದೇನು? ವಾರವಿಡೀ ಕುರ್ಚಿಯಲ್ಲಿ ಕೂತು ಶನಿವಾರ ಕ್ರಿಕೆಟ್ ಆಡುವ ನಮ್ಮ ಗಂಡಸರಿಗೆ ಹಿಮ್ಮಡಿಯ ಮೇಲಿನ ಟೆಂಡನ್ ನೋಯುವುದು ಸಾಮಾನ್ಯ. ಟೆಂಡನ್‌ಗೆ ರಕ್ತದ ಪೂರೈಕೆ ಕಡಿಮೆ, ಮಾಗುವುದು ನಿಧಾನ. ಅದಕ್ಕೆ ಬೇಕಾದದ್ದು ಹದವಾದ ಭಾರ. 1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್‌ಸನ್ ತೋರಿಸಿದ ವ್ಯಾಯಾಮಕ್ಕೆ ಒಂದು ಮೆಟ್ಟಿಲು ಸಾಕು. ಎರಡೂ ಕಾಲಿನ ತುದಿಬೆರಳ ಮೇಲೆ ಏರಿ, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. 15 ಸಲದಂತೆ ಮೂರು ಸುತ್ತು, ಮಂಡಿ ನೇರವಿಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ. ದಿನಕ್ಕೆರಡು ಹೊತ್ತು, 12 ವಾರ. "ಟಪ್" ಎಂದು ಸದ್ದಾಗಿ ಹಠಾತ್ತನೆ ನೋವು ಬಂದಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ಮಂಡಿಗೆ ತೊಡೆಯ ಬಲವೇ ಆಸರೆ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸಿ ಇಳಿಸಿ. ಹೀಗೆ ಹತ್ತು ಸಲ. ತೂಕ ಒಂದು ಪೌಂಡ್ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಪೌಂಡ್ ಇಳಿಯುತ್ತದೆ.

ಈಗ ಪ್ರತಿ ಭಾನುವಾರ ಅಮ್ಮ ಮತ್ತು ನಾನು ವಿಡಿಯೋ ಕರೆಯಲ್ಲಿ ಒಟ್ಟಿಗೆ ಕಾಲು ಚಾಚುತ್ತೇವೆ. ನೋವು ಪೂರ್ತಿ ಹೋಗಿಲ್ಲ. ಆದರೆ ದೇವಸ್ಥಾನದ ಮೆಟ್ಟಿಲನ್ನು ಕಂಬಿ ಹಿಡಿದು ತಾವೇ ಹತ್ತುತ್ತಾರೆ. ಬಾಟಲಿ ಕೊಟ್ಟಾಗ ಸಿಗದಿದ್ದ ಒಂದು ಈಗ ಅವರಿಗೆ ಸಿಕ್ಕಿದೆ, ಮಗಳ ಅರ್ಧ ಗಂಟೆ.

ಈ ವಾರ ಊರಿಗೆ ಫೋನ್ ಮಾಡಿದಾಗ ನಿಮ್ಮ ತಂದೆತಾಯಿ ಏನೇನು ನುಂಗುತ್ತಿದ್ದಾರೆಂದು ಕೇಳಿ. "ವಿಟಮಿನ್ ಅಷ್ಟೇ" ಎಂದರೆ ಬಿಡಬೇಡಿ, ಬಾಟಲಿಯ ಹೆಸರು ಓದಿಸಿ, ಅವರ ಡಾಕ್ಟರಿಗೆ ತಿಳಿಸಲು ಹೇಳಿ. ಮುಂದಿನ ಬಾಟಲಿಯ ದುಡ್ಡು ಉಳಿದರೆ, ಬಾಗಿಲ ಬಳಿ ನಮ್ಮ ನಿಧಿಯ ಪೆಟ್ಟಿಗೆ ಕಾದಿದೆ.

ಬನ್ನಿ, ಊಟಕ್ಕೆ ಏಳೋಣ. ಏಳುವಾಗ ಕುರ್ಚಿಯ ಕೈ ಹಿಡಿಯದೆ ಏಳಲು ನೋಡಿ, ಅದೇ ಇವತ್ತಿನ ಮೊದಲ ವ್ಯಾಯಾಮ!