ಗಣಿ ಗುಡ್ಡಕ್ಕೆ ಮೊದಲು ಸಜ್ಜೆ



ಸಂಡೂರಿನ ಕೆಂಪು ಗುಡ್ಡ ನಿಮಗೆ ಗೊತ್ತು. ಅದಿರು ತೆಗೆದರು. ಬೇಡವಾದ ಕಲ್ಲು ಮಣ್ಣನ್ನು ಪಕ್ಕದಲ್ಲೇ ರಾಶಿ ಸುರಿದರು. ಮಳೆ ಬಂದರೆ ಆ ಮಣ್ಣು ಎಲ್ಲಿಗೆ ಹೋಗುತ್ತದೆ? ಕೆಳಗಿನ ಹೊಲಕ್ಕೆ, ಕೆರೆಗೆ. ಕೆರೆ ಹೂಳಿದರೆ ಕೊಡ ಹೊತ್ತು ದೂರ ಹೋಗುವವರು ಯಾರು? ಹೆಂಗಸರೇ ಅಲ್ವಾ?

2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿ ಕೆಲಸ ನಿಲ್ಲಿಸಿತು. ಮತ್ತೆ ಶುರು ಮಾಡುವವರು ಕೆಟ್ಟ ನೆಲವನ್ನು ಸರಿಪಡಿಸಬೇಕು ಎಂದು ಷರತ್ತು ಹಾಕಿತು.

ಸರಿಪಡಿಸುವುದು ಅಂದರೆ ಗಿಡ ನೆಡುವುದು ಅಂತಾರೆ. ಗಿಡ ದೊಡ್ಡದಾಗಲು ವರ್ಷಗಳು ಬೇಕು. ಅಲ್ಲೀತನಕ ಮಳೆ ಕಾಯುತ್ತದಾ? ಅದಕ್ಕೇ ಮೊದಲು ಹುಲ್ಲು ಬೇಕು. ಬೇಗ ಬೆಳೆದು, ಒಂದೇ ವರ್ಷಕ್ಕೆ ಮುಗಿಯುವ ಹುಲ್ಲು.

ಅಂಥದ್ದು ಯಾವುದು? ನಮ್ಮ ಸಜ್ಜೆ! ಸಜ್ಜೆಯೂ ಹುಲ್ಲಿನ ಜಾತಿಯೇ. ನೆಲ ಹಸಿ ಇದ್ದರೆ ನಾಲ್ಕೈದು ದಿನದಲ್ಲಿ ಮೊಳೆಯುತ್ತದೆ. ಬಡ ಮಣ್ಣಿಗೆ, ಕಡಿಮೆ ಮಳೆಗೆ ಹೆದರುವುದಿಲ್ಲ. ಬೇರು ಜಡೆಯ ಹಾಗೆ ಮಣ್ಣು ಹಿಡಿಯುತ್ತದೆ.

ಜೋಳ ಯಾಕೆ ಬೇಡ ಅಂತ ಕೇಳಬಹುದು. ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ ವಿಷ ಇರುತ್ತದೆ. ತಿಂದ ದನ ಸಾಯುತ್ತದೆ. ಗುಡ್ಡಕ್ಕೆ ಬೇಲಿ ಹಾಕಿದರೂ ನಮ್ಮ ಮೇಕೆಗಳು ಮಾತು ಕೇಳುತ್ತವಾ? ಸಜ್ಜೆಯಲ್ಲಿ ಆ ವಿಷ ಇಲ್ಲ.

ಮೊದಲ ಹದ ಮಳೆಗೆ ಬಿತ್ತಬೇಕು. ಸಾಲು ಇಳಿಜಾರಿಗೆ ಅಡ್ಡ ಇರಬೇಕು. ಉದ್ದಕ್ಕೆ ಬಿಟ್ಟರೆ ನೀರಿಗೆ ದಾರಿ ಮಾಡಿಕೊಟ್ಟ ಹಾಗೆ. ಜೊತೆಗೆ ಸ್ವಲ್ಪ ಹುರುಳಿ ಸೇರಿಸಿ. ಅದರ ಬೇರಿನ ಗಂಟು ಮಣ್ಣಿಗೆ ಸಾರ ಕೊಡುತ್ತದೆ.

ಸಜ್ಜೆ ಸಾಲುಗಳ ನಡುವೆ ಲಾವಂಚದ ಬುಡ ನೆಡಬೇಕು. ಲಾವಂಚ ಬಹಳ ವರ್ಷ ಬಾಳುವ ಹುಲ್ಲು. ಮೊದಲ ವರ್ಷ ನಿಧಾನ. ಆದ್ದರಿಂದ ಸಜ್ಜೆಯನ್ನು ದಟ್ಟವಾಗಿ ಬಿತ್ತಬಾರದು. ದಟ್ಟವಾದರೆ ನೆರಳಿಗೆ ಲಾವಂಚ ಸಾಯುತ್ತದೆ. ಮುಂದಿನ ವರ್ಷ ಗುಡ್ಡ ಮತ್ತೆ ಬೋಳು. ಕಾಳಿನ ಆಸೆಯೂ ಬೇಡ. ತೆನೆ ಬಲಿಯುವ ಮುಂಚೆ ಕೊಯ್ದು, ದಂಟನ್ನು ಅಲ್ಲೇ ಹಾಸಿಬಿಡಬೇಕು. ಅದು ಮಣ್ಣಿಗೆ ಹೊದಿಕೆ.

ಬಿತ್ತುವ ಕೂಲಿಗೆ ನಿಮ್ಮನ್ನೇ ಕರೆಯುತ್ತಾರೆ. ಬೀಜದ ಚೀಲದ ಮೇಲೆ ಬರೆದದ್ದನ್ನು ಈಗ ನೀವು ಓದಬಲ್ಲಿರಿ. ಯಾವ ಬೀಜ? ಯಾವ ವರ್ಷದ್ದು? ಓದಿ. ಅನುಮಾನ ಬಂದರೆ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಐದನೇ ದಿನ ಬಿಚ್ಚಿ ಎಣಿಸಿ. ಅರ್ಧವೂ ಮೊಳೆತಿಲ್ಲವಾ? ಆ ಚೀಲ ಬೇಡ, ಬೇರೆ ತನ್ನಿ ಎಂದು ಹೇಳಿ.