ಆಟಗಾರ ಮಕ್ಕಳ ಮನಸ್ಸು: ಗೆಳೆಯರ ಕೆಲಸ, ಹಿರಿಯರ ಹೊಣೆ



ಅಮೆರಿಕದ ಕನ್ನಡಿಗರ ಸಮ್ಮೇಳನದಲ್ಲಿ ಸಾಹಿತ್ಯ, ಸಂಗೀತ, ಉದ್ಯಮಗಳ ಗೋಷ್ಠಿಗಳ ಜೊತೆಗೆ ಹೈಸ್ಕೂಲು ಆಟಗಾರರ ಮಾನಸಿಕ ಆರೋಗ್ಯಕ್ಕೂ ಒಂದು ಹೊತ್ತನ್ನು ಮೀಸಲಿಟ್ಟ ಸಂಘಟಕರಿಗೆ ಮೊದಲ ನಮಸ್ಕಾರ. ಅಧ್ಯಕ್ಷತೆಯ ಗೌರವವನ್ನು ನನಗೆ ಕೊಟ್ಟಿದ್ದೀರಿ, ಕೃತಜ್ಞತೆಯಿಂದ ಸ್ವೀಕರಿಸಿದ್ದೇನೆ.

ನಮ್ಮ ಅನೇಕ ಮನೆಗಳ ಸಂಜೆಗಳು ಈಗ ಆಟದ ವೇಳಾಪಟ್ಟಿಯಂತೆ ನಡೆಯುತ್ತವೆ. ಶನಿವಾರ ಬೆಳಗಿನ ಜಾವ ಎದ್ದು, ಗಂಟೆಗಟ್ಟಲೆ ಕಾರು ಓಡಿಸಿ, ಮಕ್ಕಳನ್ನು ಈಜು, ಟೆನಿಸ್, ಸಾಕರ್, ವಾಲಿಬಾಲ್ ಪಂದ್ಯಗಳಿಗೆ ಕರೆದೊಯ್ಯುವವರು ಈ ಸಭೆಯ ತುಂಬ ಇದ್ದಾರೆ. ಹೈಸ್ಕೂಲು ಕ್ರೀಡಾ ಸಂಘಗಳ ರಾಷ್ಟ್ರೀಯ ಒಕ್ಕೂಟದ ಲೆಕ್ಕದಂತೆ 2023-24ರ ಶಾಲಾ ವರ್ಷದಲ್ಲಿ ಹೈಸ್ಕೂಲು ಆಟಗಳಲ್ಲಿ ಭಾಗವಹಿಸಿದವರ ಸಂಖ್ಯೆ 80 ಲಕ್ಷ ದಾಟಿತು. ಎರಡು ಆಟ ಆಡಿದವರನ್ನು ಎರಡು ಸಲ ಎಣಿಸುವ ಲೆಕ್ಕ ಅದು. ಇವರಲ್ಲಿ ಮುಂದೆ ಕಾಲೇಜು ತಂಡಗಳಲ್ಲಿ ಆಡುವವರು ನೂರಕ್ಕೆ ಸುಮಾರು ಏಳು ಮಂದಿ. ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೊದಲ ದರ್ಜೆಯ ತಂಡಗಳಿಗೆ ಹೋಗುವವರು ನೂರಕ್ಕೆ ಇಬ್ಬರ ಆಸುಪಾಸು. ಉಳಿದ ಬಹುಪಾಲು ಮಕ್ಕಳ ಸ್ಪರ್ಧೆಯ ಬದುಕು ಹದಿನೆಂಟರ ಹೊತ್ತಿಗೆ ಮುಗಿಯುತ್ತದೆ. ಆಗ ಅವರ ಜೊತೆ ಮನೆಗೆ ಬರುವುದು ಎಂಥ ಮನಸ್ಸು ಎಂಬುದೇ ಇಂದಿನ ವಿಷಯ.

ಆಟ ಮನಸ್ಸಿಗೆ ಒಳ್ಳೆಯದು, ಸಂಶಯವಿಲ್ಲ. ಗೆಳೆತನ, ಶಿಸ್ತು, ಸೋಲನ್ನು ತಾಳುವ ಶಕ್ತಿ ಎಲ್ಲವನ್ನೂ ಅದು ಕಲಿಸುತ್ತದೆ. ಆದರೆ ಈ ದೇಶದ ಹದಿಹರೆಯದವರ ಸ್ಥಿತಿಯನ್ನೂ ನೋಡಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 42 ಹೈಸ್ಕೂಲು ವಿದ್ಯಾರ್ಥಿಗಳು ಬಿಡದೆ ಕಾಡುವ ದುಃಖ, ಹತಾಶೆಗಳನ್ನು ಹೇಳಿಕೊಂಡಿದ್ದರು. ಹುಡುಗಿಯರಲ್ಲಿ ಅದು 57. 2023ರಲ್ಲೂ ಒಟ್ಟು ಪ್ರಮಾಣ ಸುಮಾರು 40 ಇತ್ತು. ತಂಡದ ಜರ್ಸಿ ಹಾಕಿಕೊಂಡ ಮಕ್ಕಳು ಈ ಲೆಕ್ಕದ ಹೊರಗಿನವರಲ್ಲ.

ಅವರ ಕಷ್ಟವನ್ನು ಇನ್ನಷ್ಟು ಬಿಗಿಗೊಳಿಸುವ ಕಾರಣವೊಂದಿದೆ. ಕಾಲು ಉಳುಕಿದರೆ ಮೈದಾನದಲ್ಲೇ ಐಸ್ ಸಿಗುತ್ತದೆ, ಟ್ರೈನರ್ ಓಡಿ ಬರುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ, ಪಂದ್ಯದ ಹಿಂದಿನ ದಿನ ವಾಂತಿ ಬರುತ್ತದೆ, ಆಟ ಬೇಡವೆನಿಸುತ್ತಿದೆ ಎಂದು ಹೇಳಿದರೆ ಏನಾಗುತ್ತದೆ? ಕೋಚ್ ಬೆಂಚಿನ ಮೇಲೆ ಕೂರಿಸಿಯಾರು, ಶಾಲೆಯ ಮುಖ್ಯ ತಂಡದ (ವಾರ್ಸಿಟಿ) ಸ್ಥಾನ ಹೋದೀತು, ಅಪ್ಪ-ಅಮ್ಮನಿಗೆ ಬೇಸರವಾದೀತು, ನಾಲ್ಕು ಜನ ಏನಂದಾರು. ಈ ಲೆಕ್ಕಾಚಾರ ಮಾಡಿಯೇ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಗಾಯವಾದಾಗಂತೂ ಒಂಟಿತನ ಇಮ್ಮಡಿ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಅಷ್ಟು ಕಾಲ ಆ ಮಗು ಆಟವನ್ನು ಕಳೆದುಕೊಳ್ಳುತ್ತದೆ. ಜೊತೆಗೆ ದಿನದ ಗೆಳೆಯರನ್ನು, ಬಸ್ಸಿನ ಹಾಡುಗಳನ್ನು, ‘ನಾನು ಯಾರು’ ಎಂಬುದಕ್ಕಿದ್ದ ಉತ್ತರವನ್ನೂ ಕಳೆದುಕೊಳ್ಳುತ್ತದೆ.

ಈ ಮೌನವನ್ನು ಮುರಿಯಲು ಮುಂದೆ ಬಂದವರಲ್ಲಿ ವಿದ್ಯಾರ್ಥಿಗಳೇ ಮುಂಚೂಣಿಯಲ್ಲಿದ್ದಾರೆ. 2021ರಲ್ಲಿ ಮಾನಸಿಕ ಆರೋಗ್ಯದ ಕಾರಣ ಹೇಳಿ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಫ್ರೆಂಚ್ ಓಪನ್ನಿನಿಂದ, ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೊ ಒಲಿಂಪಿಕ್ಸಿನ ತಂಡ ಫೈನಲ್ಲಿನಿಂದ ಹಿಂದೆ ಸರಿದಾಗ ಜಗತ್ತು ಬೆರಗಾಯಿತು. ಅದಕ್ಕೂ ಮೊದಲೇ, 2017ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಾಲಿಬಾಲ್ ಆಟಗಾರ್ತಿ ವಿಕ್ಟೋರಿಯಾ ಗ್ಯಾರಿಕ್ ಟೆಡ್‌ಎಕ್ಸ್ ವೇದಿಕೆಯಲ್ಲಿ ತನ್ನ ಖಿನ್ನತೆ, ಆತಂಕಗಳನ್ನು ಹೇಳಿಕೊಂಡಿದ್ದಳು. ಅವಳು ಕಟ್ಟಿದ ‘ದಿ ಹಿಡನ್ ಅಪೋನೆಂಟ್’ ಸಂಸ್ಥೆಗೆ ಇಂದು ಆಟಗಾರ ವಿದ್ಯಾರ್ಥಿಗಳೇ ಕ್ಯಾಂಪಸ್ ನಾಯಕರು.

ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ಆಟಗಾರ್ತಿ ಮಾರ್ಗನ್ ರಾಡ್ಜರ್ಸ್ ಮೊಣಕಾಲಿನ ತೀವ್ರ ಗಾಯದ ನಂತರದ ತನ್ನ ಮನಸ್ಸಿನ ನೋವನ್ನು ಒಳಗೇ ಇಟ್ಟುಕೊಂಡಿದ್ದಳು. 2019ರ ಜುಲೈಯಲ್ಲಿ ನಾವು ಅವಳನ್ನು ಕಳೆದುಕೊಂಡೆವು. ಮರುವರ್ಷವೇ ಮನೆಯವರು, ಗೆಳತಿಯರು ಸೇರಿ ‘ಮಾರ್ಗನ್ಸ್ ಮೆಸೇಜ್’ ಆರಂಭಿಸಿದರು. ದೇಹದ ಗಾಯಕ್ಕೆ ಸಿಗುವ ಆರೈಕೆ ಮನಸ್ಸಿನ ಗಾಯಕ್ಕೂ ಸಿಗಲಿ ಎಂಬುದು ಅದರ ಬೇಡಿಕೆ. ಹೈಸ್ಕೂಲು, ಕಾಲೇಜುಗಳ ವಿದ್ಯಾರ್ಥಿಗಳೇ ಅದರ ರಾಯಭಾರಿಗಳು. ಅವರು ತಮ್ಮ ತಂಡದೊಳಗೆ ಮಾತಿಗೆ ಕೂರುತ್ತಾರೆ, ಒಂದು ಪಂದ್ಯವನ್ನು ಈ ಉದ್ದೇಶಕ್ಕೆಂದೇ ಅರ್ಪಿಸುತ್ತಾರೆ. ಆ ದಿನ ಎದುರಾಳಿ ತಂಡವೂ ಸಂಸ್ಥೆಯ ಚಿಟ್ಟೆಯ ಗುರುತು ಹಾಕಿಕೊಂಡು ಮೈದಾನಕ್ಕಿಳಿಯುವುದುಂಟು.

ಇಂಥ ಕೆಲಸದಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳುವುದು ನ್ಯಾಯ. ‘ಸೋರ್ಸಸ್ ಆಫ್ ಸ್ಟ್ರೆಂತ್’ ಎಂಬ ಕಾರ್ಯಕ್ರಮ ವಿದ್ಯಾರ್ಥಿಗಳನ್ನೇ ನಾಯಕರನ್ನಾಗಿ ತರಬೇತುಗೊಳಿಸುತ್ತದೆ. ಅದನ್ನು 18 ಹೈಸ್ಕೂಲುಗಳಲ್ಲಿ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ದೊಡ್ಡ ಶಾಲೆಗಳಲ್ಲಿ ತರಬೇತಿ ಪಡೆದ ವಿದ್ಯಾರ್ಥಿ ನಾಯಕರು, ಸಾಯುವ ಯೋಚನೆಯಲ್ಲಿದ್ದ ಗೆಳೆಯರನ್ನು ಹಿರಿಯರ ಬಳಿ ಕರೆತರುವ ಸಾಧ್ಯತೆ ತರಬೇತಿಯಿಲ್ಲದವರಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು. ದಯವಿಟ್ಟು ಗಮನಿಸಿ: ಆ ಮಕ್ಕಳು ಚಿಕಿತ್ಸೆ ಕೊಡಲಿಲ್ಲ. ಗೆಳೆಯನ ಸ್ಥಿತಿಯನ್ನು ಗುರುತಿಸಿದರು, ಅವನ ಜೊತೆ ನಿಂತರು, ನಂಬಿಕೆಯ ಹಿರಿಯರೊಬ್ಬರ ಬಳಿಗೆ ಕರೆತಂದರು.

ನನ್ನ ಮಾತಿನ ಸಾರ ಇಲ್ಲಿದೆ. ಕರೆತರುವವರೆಗಿನದು ಗೆಳೆಯರ ಕೆಲಸ. ಅಲ್ಲಿಂದ ಮುಂದಿನದು ನಮ್ಮ ಹೊಣೆ. ಹದಿನಾರು ವರ್ಷದ ತಂಡನಾಯಕಿ ಮಧ್ಯರಾತ್ರಿ ಗೆಳತಿಯ ಸಂದೇಶಗಳಿಗೆ ಒಬ್ಬಳೇ ಉತ್ತರಿಸುತ್ತ ಕೂರಬೇಕಾಗಿ ಬಂದರೆ, ಅದು ವಿದ್ಯಾರ್ಥಿ ನಾಯಕತ್ವವಲ್ಲ, ನಾವು ಕೈಬಿಟ್ಟ ಹೊರೆ. ಒಬ್ಬ ಶಾಲಾ ಕೌನ್ಸಿಲರ್‌ಗೆ 250 ವಿದ್ಯಾರ್ಥಿಗಳಿರಬೇಕು ಎಂಬುದು ಅವರ ವೃತ್ತಿಸಂಘದ ಶಿಫಾರಸು. 2022-23ರಲ್ಲಿ ದೇಶದ ಸರಾಸರಿ 385 ಇತ್ತು. ಮಕ್ಕಳು ಗೆಳೆಯನ ಕೈಹಿಡಿದು ಬಾಗಿಲ ಬಳಿ ಬಂದಾಗ ಒಳಗೆ ಯಾರೂ ಇಲ್ಲದಿದ್ದರೆ ಅವರ ಧೈರ್ಯ ವ್ಯರ್ಥವಾಗುತ್ತದೆ.

ಬಾಗಿಲು ತೆರೆಸುವ ಕೆಲಸವನ್ನೂ ಮಕ್ಕಳು ಮಾಡಿ ತೋರಿಸಿದ್ದಾರೆ. ಆರೆಗಾನ್ ರಾಜ್ಯದ ಹೈಸ್ಕೂಲು ವಿದ್ಯಾರ್ಥಿಗಳು ಶಾಸನಸಭೆಗೆ ಹೋಗಿ ವಾದಿಸಿದ್ದರಿಂದ 2019ರಲ್ಲಿ ಅಲ್ಲೊಂದು ಕಾನೂನು ಬಂತು. ಜ್ವರಕ್ಕೆ ರಜೆ ಹಾಕುವಂತೆಯೇ ಮನಸ್ಸು ಕುಗ್ಗಿದಾಗಲೂ ರಜೆ ಹಾಕಬಹುದಾಯಿತು. ಇಲಿನಾಯ್ ಮುಂತಾದ ರಾಜ್ಯಗಳೂ ಆ ದಾರಿ ಹಿಡಿದವು. ಓಟು ಹಾಕುವ ವಯಸ್ಸಾಗದ ಮಕ್ಕಳು ಇಷ್ಟು ಸಾಧಿಸಿದರೆ, ಓಟು ಹಾಕುವ ನಾವು ಶಾಲಾ ಮಂಡಳಿಯ ಸಭೆಗಾದರೂ ಹೋಗಬಾರದೇ?

ಕನ್ನಡ ಮನೆಗಳ ಬಗ್ಗೆ ಒಂದು ಮಾತು. ‘ಏನೂ ಇಲ್ಲ, ಗಟ್ಟಿಯಾಗಿರು’ ಎಂದು ಹೇಳುವುದು ನಮಗೆ ಅಭ್ಯಾಸವಾಗಿದೆ. ಪ್ರೀತಿಯಿಂದಲೇ ಹೇಳುತ್ತೇವೆ, ಆದರೆ ಮಗುವಿಗೆ ಅದು ‘ಇನ್ನು ಮಾತಾಡಬೇಡ’ ಎಂದು ಕೇಳಿಸುತ್ತದೆ. ಗಟ್ಟಿಗರಿಗೂ ನೋವಾಗುತ್ತದೆ. ಭಾರತದ ಪರ ಕ್ರಿಕೆಟ್ ಆಡಿದ ನಮ್ಮ ರಾಬಿನ್ ಉತ್ತಪ್ಪ ತಾವು ಖಿನ್ನತೆಯಿಂದ ಎಷ್ಟು ಬಳಲಿದ್ದೆವೆಂಬುದನ್ನು 2020ರಲ್ಲಿ ಬಹಿರಂಗವಾಗಿ ಹೇಳಿದರು. ಬ್ಯಾಡ್ಮಿಂಟನ್ ತಾರೆ ಪ್ರಕಾಶ್ ಪಡುಕೋಣೆಯವರ ಮಗಳು, ಬಾಲ್ಯದಲ್ಲಿ ಸ್ವತಃ ಆ ಆಟ ಆಡುತ್ತಿದ್ದ ನಟಿ ದೀಪಿಕಾ, 2015ರಲ್ಲಿ ತಮ್ಮ ಖಿನ್ನತೆಯನ್ನು ತೆರೆದಿಟ್ಟು ಪ್ರತಿಷ್ಠಾನವೊಂದನ್ನು ಕಟ್ಟಿದರು. ಅದರ ಗ್ರಾಮೀಣ ಕೆಲಸ ಶುರುವಾದದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. ಅಲ್ಲಿನ ಹಳ್ಳಿಯ ಕುಟುಂಬಗಳು ಮಾನಸಿಕ ಕಾಯಿಲೆಯ ಬಗ್ಗೆ ಬಾಯಿಬಿಡಬಲ್ಲವಾದರೆ, ಇಷ್ಟು ಓದಿಕೊಂಡ ನಮಗೆ ಸಂಕೋಚವೇಕೆ?

ಈ ಸಭೆಯ ಮುಂದೆ ನಾಲ್ಕು ವಿನಂತಿಗಳನ್ನಿಡುತ್ತೇನೆ.

ಮೊದಲನೆಯದು ತಂದೆತಾಯಂದಿರಿಗೆ. ಪಂದ್ಯ ಮುಗಿಸಿ ಕಾರಿನಲ್ಲಿ ಮನೆಗೆ ಮರಳುವಾಗ ಸ್ಕೋರಿನ ವಿಚಾರಣೆ ಬೇಡ. ‘ನೀನು ಆಡುವುದನ್ನು ನೋಡಿ ಖುಷಿಯಾಯಿತು’ ಎಂದಷ್ಟೇ ಹೇಳಿ. ಉಳಿದದ್ದನ್ನು ಮಗುವೇ ಬೇಕೆನಿಸಿದಾಗ ಹೇಳಲಿ.

ಎರಡನೆಯದು ಕೋಚ್‌ಗಳಿಗೆ, ಅವರನ್ನು ಬಲ್ಲ ನಿಮಗೆ. ಸಹಾಯ ಕೇಳಿದ್ದಕ್ಕಾಗಿ ಯಾವ ಮಗುವೂ ತಂಡದಲ್ಲಿ ಸ್ಥಾನ ಕಳೆದುಕೊಳ್ಳುವುದಿಲ್ಲ ಎಂಬ ಮಾತನ್ನು ಸೀಸನ್ನಿನ ಮೊದಲ ದಿನವೇ, ಎಲ್ಲರೆದುರು, ಅವರ ಬಾಯಿಂದ ಹೇಳಿಸಿ. ಈ ಒಂದು ಭರವಸೆ ಇಲ್ಲದಿದ್ದರೆ ಯಾವ ಪೋಸ್ಟರೂ ಕೆಲಸ ಮಾಡದು.

ಮೂರನೆಯದು ನಮ್ಮ ಕನ್ನಡ ಕೂಟಗಳಿಗೆ. ಸಂಕ್ರಾಂತಿ, ಯುಗಾದಿ, ರಾಜ್ಯೋತ್ಸವಗಳ ಕಾರ್ಯಕ್ರಮಪಟ್ಟಿಯಲ್ಲಿ ವರ್ಷಕ್ಕೊಮ್ಮೆ ಹದಿಹರೆಯದವರಿಗೆಂದೇ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಸೇರಿಸಿ. ನಮ್ಮ ನಡುವೆ ಮನೋವೈದ್ಯರಿಗೆ ಕೊರತೆಯಿಲ್ಲ. ಅವರನ್ನು ಕರೆಯಿರಿ, ಮಕ್ಕಳಿಗೇ ಸಭೆ ನಡೆಸಲು ಬಿಡಿ.

ನಾಲ್ಕನೆಯದು ಪ್ರೀತಿಯ ವಿದ್ಯಾರ್ಥಿಗಳಿಗೆ. ನಿಮ್ಮ ಕೆಲಸದ ಬಗ್ಗೆ ನನಗೆ ಅಪಾರ ಹೆಮ್ಮೆಯಿದೆ. ಆದರೆ ಗೆಳೆಯನ ಜೀವಕ್ಕೆ ಅಪಾಯವಿದೆ ಎನಿಸಿದಾಗ ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಕೊಡಬೇಡಿ. ಕೊಟ್ಟಿದ್ದರೆ ಮುರಿಯಿರಿ. ಆ ಗೆಳೆಯ ನಿಮ್ಮ ಮೇಲೆ ಸಿಟ್ಟಾಗಲಿ, ಆದರೆ ಬದುಕಿರಲಿ. 2022ರ ಜುಲೈಯಿಂದ ಈ ದೇಶದಲ್ಲಿ 988 ಎಂಬ ಮೂರಂಕಿಯ ಸಹಾಯವಾಣಿ ಇದೆ. ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ಭಾರತದಲ್ಲಿರುವ ನಿಮ್ಮ ಸೋದರಸಂಬಂಧಿಗಳಿಗೆ ಅಲ್ಲಿನ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ತಿಳಿಸಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಬಂಧುಗಳೇ, ಊಟದ ಹೊತ್ತಾಯಿತು. ಸಭಾಂಗಣದಿಂದ ಹೊರಗೆ ಹೋಗುವ ಮುನ್ನ ಪ್ರತಿಯೊಬ್ಬರೂ ಈ ಎರಡು ಸಂಖ್ಯೆಗಳನ್ನು ನಿಮ್ಮ ಫೋನಿನಲ್ಲಿ, ನಿಮ್ಮ ಮಕ್ಕಳ ಫೋನಿನಲ್ಲಿ ಉಳಿಸಿಕೊಳ್ಳಿ. ಈ ಗೋಷ್ಠಿಯ ಮೊದಲ ನಿರ್ಣಯ ಅದೇ ಆಗಲಿ.